ಇಪ್ಪತ್ತೊಂದನೆಯ ಲಾಟು

ಬ್ಯಾಡಗಿ ಪ್ಯಾಟಿಯಲ್ಲಿ ಕೂತು ಕೋಡು ಬರೆಯುವವಳು
ಮೊದಲು ಕಲಿಯಬೇಕಾದದ್ದು ಸೀನು.
ಕಿಟಕಿ ಮುಚ್ಚಿದರೂ ಘಾಟು ಒಳಗೇ,
ಕೀಲಿಮಣೆಯ ಸಂದಿಯಲ್ಲಿ ಕೆಂಪು ಪುಡಿ,
ಮರೆತು ಕಣ್ಣುಜ್ಜಿದರೆ ಆ ದಿನದ ಕೆಲಸ ಮುಗಿದಂತೆ.

ನನ್ನ ಎಪಿಐ ಆಗ ಶುದ್ಧ ಹುಂಬ.
ಲಾಟು ತೋರಿಸು ಅಂದರೆ ಸಾಕು,
ಅಂಗಳದ ಮೂರು ಸಾವಿರದ ನಾನೂರನ್ನೂ
ಒಂದೇ ಉಸಿರಿಗೆ ಸುರಿಯುತ್ತಿತ್ತು
ಅಂಗೈಯಗಲದ ಫೋನಿಗೆ.
ಫೋನು ಬಿಸಿಯಾಗಿ, ಮಂಕಾಗಿ, ಸತ್ತು,
ಮತ್ತೆ ಎದ್ದು, ಮತ್ತೆ ಅದನ್ನೇ ಕೇಳುತ್ತಿತ್ತು.

ಅದಕ್ಕೇ ಸೋಸಿದೆ: ಡಬ್ಬಿ ಬೇರೆ, ಕಡ್ಡಿ ಬೇರೆ,
ತೇವ ಹತ್ತರೊಳಗಿದ್ದದ್ದು ಬೇರೆ.
ಹೊಸದಾಗಿ ಬಂದದ್ದು ಮೇಲೆ, ಹಳೆಯದು ಕೆಳಗೆ.
ಪುಟಕ್ಕೆ ಇಪ್ಪತ್ತು.
ಒಬ್ಬ ಜಾಣ ಒಂದೇ ಪುಟಕ್ಕೆ ಹತ್ತು ಸಾವಿರ ಕೇಳಿದ,
ನೂರು ಕೊಟ್ಟು ಕೈ ಮುಗಿದೆ.
ಇನ್ನೊಬ್ಬ 'ತಳಿ' ಎನ್ನುವಲ್ಲಿ 'ತಾಳಿ' ಎಂದ.
ಮೊದಲಾಗಿದ್ದರೆ ತಿಳಿಯದ ಮಾತನ್ನು ನುಂಗಿಕೊಂಡು
ಇದ್ದದ್ದೆಲ್ಲ ಎತ್ತಿ ಕೊಡುತ್ತಿತ್ತು.
ಈಗ ಹೇಳುತ್ತದೆ: ಇಲ್ಲಿ ಯಾವ ತಾಳಿಯೂ ಇಲ್ಲ,
ತಿದ್ದಿಕೊಂಡು ಬಾ.

ಎಲ್ಲ ಚಂದ ಅಂದುಕೊಂಡಿದ್ದೆ.

ಗುರುವಾರ ಸಂಜೆ ಮೆಟ್ಟಿಲು ಹತ್ತಿ ಬಂದಳು
ಮೋಟೆಬೆನ್ನೂರಿನ ಫಕ್ಕೀರವ್ವ ಹಾದಿಮನಿ.
ಸೆರಗಿನ ಗಂಟು ಬಿಚ್ಚಿ ನಾಲ್ಕು ಕಾಯಿ
ಮೇಜಿನ ಮೇಲಿಟ್ಟಳು, ಸಾಕ್ಷಿಗೆ.
"ನೋಡ ತಂಗಿ, ಇಂಥಾ ಕಾಯಿಗೆ
ಒಬ್ಬರರ ಟೆಂಡರ್ ಹಾಕಬಾರದ?
ಬರೇ ಸೊನ್ನಿ ಬಂದೈತಿ.
ನಿನ್ನ ಯಂತ್ರದಾಗ ನಾ ಅದೀನೋ ಇಲ್ಲೋ?"

ಇದ್ದಳು. ಮೂರು ಚೀಲ, ತೂಕ ಸಮೇತ.
ಡೇಟಾಬೇಸಿನಲ್ಲಿ ಒಂದು ಕೂದಲೂ ಕೊಂಕಿರಲಿಲ್ಲ.
ರಾತ್ರಿ ಲಾಗು ಬಿಡಿಸುತ್ತ ಕೂತಾಗ ಸಿಕ್ಕಿತು.

ಅವಳದು ಇಪ್ಪತ್ತೊಂದನೆಯದು,
ಎರಡನೆಯ ಪುಟದ ಹೊಸ್ತಿಲಲ್ಲೇ.
ಆ ತಳಿಗೆ ಬಂದ ಖರೀದಿದಾರರು ಮೂವರು,
ಮೂವರೂ ಮೊದಲ ಪುಟ ಓದುತ್ತಿದ್ದರು.
ಅಷ್ಟರಲ್ಲಿ ಮೇಲಿನವನೊಬ್ಬ ಮನಸ್ಸು ಬದಲಿಸಿ
ತನ್ನ ಲಾಟು ಹಿಂದಕ್ಕೆ ಪಡೆದ.
ಕೆಳಗಿದ್ದವರೆಲ್ಲ ಒಂದೊಂದು ಮೆಟ್ಟಿಲು ಏರಿದರು.
ಫಕ್ಕೀರವ್ವ ಇಪ್ಪತ್ತಾದಳು,
ಆಗಲೇ ಓದಿ ಮಡಚಿಟ್ಟ ಪುಟದ ಕೊನೆಯವಳು.
ಅವರು ಎರಡನೆಯದನ್ನು ತೆರೆದಾಗ ಅವಳು ಮೊದಲನೆಯದರಲ್ಲಿ.
ಮೊದಲನೆಯದನ್ನು ಓದುವಾಗ ಎರಡನೆಯದರಲ್ಲಿದ್ದಳು.
ಯಾರೂ ಸುಳ್ಳು ಹೇಳಿರಲಿಲ್ಲ.

ಮರುದಿನ ಗೋದಾಮಿನ ಬಾಗಿಲಲ್ಲಿ
ಹಮಾಲ ಮಾಬುಸಾಬ ಚೀಲ ಎಣಿಸುತ್ತಿದ್ದ.
ನಡುವೆ ಚಹಾ ಬಂತು. ನಡುವೆ ಯಾರೋ
ನಾಲ್ಕು ಚೀಲ ಎಳಕೊಂಡು ಹೋದರು.
ಈಗ ಎಷ್ಟನೆಯದರಿಂದ ಹಿಡಿಯುತ್ತೀ, ಎಂದೆ.
"ಎಷ್ಟನೇದಂತ ಯಾಂವ ನೆನಪಿಡತಾನವಾ?
ಕಡೀ ಚೀಲಕ್ಕ ಸುಣ್ಣದ ಗೀಟು ಹಾಕೇನಿ.
ಅದರ ಮುಂದಿಂದು ಎಣಸೋದು."
ಗೀಟಿನ ಚೀಲವನ್ನೇ ಒಯ್ದರೆ?
ಚಹಾದ ಕಪ್ಪಿನಿಂದಲೇ ತೋರಿಸಿದ:
"ನೆಲದ ಮ್ಯಾಲೂ ಒಂದು ಐತಲ್ಲ."

ಆ ರಾತ್ರಿ ಮತ್ತೆ ಬರೆದೆ.
ಈಗ ಯಾರೂ ಎರಡನೆಯ ಪುಟ ಕೇಳುವುದಿಲ್ಲ.
ಹತ್ತೂ ಮೂವತ್ತೆರಡಕ್ಕೆ ಬಂದ ಲಾಟಿನ ಆಚೆ
ಇಪ್ಪತ್ತು ಕೊಡು ಎನ್ನುತ್ತಾರೆ.
ಆ ಲಾಟು ಎದ್ದುಹೋದರೂ ಆ ಗಳಿಗೆ ಹೋಗುವುದಿಲ್ಲ.
ಒಂದೇ ನಿಮಿಷಕ್ಕೆ ಎರಡು ಟ್ರ್ಯಾಕ್ಟರು ನುಗ್ಗಿದರೆ
ಲಾಟಿನ ನಂಬರು ಜಗಳ ಬಿಡಿಸುತ್ತದೆ.

ದಲಾಲ ಚನ್ನವೀರಪ್ಪನಿಗೆ ಹದಿನೈದು ದಿನ ಸಿಟ್ಟು.
"ನನ್ನ ಏಳನೇ ಪುಟಾ ಎಲ್ಲಿ ಒಗದಿ?"
ಏಳು ಇಲ್ಲರಿ ಕಾಕಾ. ಮುಂದಿಂದು ಐತಿ,
ಅದರ ಮುಂದಿಂದು ಐತಿ.

ಸೋಮವಾರ ಫಕ್ಕೀರವ್ವನ ಲಾಟಿಗೆ ಐದು ಟೆಂಡರು.
ಗುರುವಾರದ ಪೇಟೆಗಿಂತ ಕ್ವಿಂಟಲಿಗೆ ಆರುನೂರು ಕಡಿಮೆ.
ಆ ಆರುನೂರನ್ನು ಯಾವ ಕಾಲಮ್ಮಿನಲ್ಲಿ ಹುಡುಕಲಿ?
ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವಳು ಬಿಟ್ಟುಹೋದ ನಾಲ್ಕು ಕಾಯಿಯಲ್ಲಿ
ಮೂರು ಒಗ್ಗರಣೆಗೆ ಹೋದವು.
ಒಂದು ಇನ್ನೂ ಮಾನಿಟರಿನ ಬುಡದಲ್ಲಿದೆ,
ಎಲ್ಲಿಯವರೆಗೆ ಎಣಿಸಿದ್ದೆ ಎಂದು
ಮರೆತರೆ ಇರಲಿ ಅಂತ.